ಮೊದಲು ಶಬ್ದವೋ, ಮೊದಲು ಬಿಗಿಯೋ

ನಮ್ಮ ಕಾರಿನ ಸ್ಟೇರಿಂಗ್ ಕೂಗಲು ಶುರುವಾದ ಮೇಲೆ ಮದುವೆ ಹಾಲ್‌ಗಳ ಅಂಗಳಕ್ಕೆ ಹೋಗುವುದೆಂದರೆ ನನಗೆ ಮೈ ಹಿಡಿಯಾಗುತ್ತಿತ್ತು. ನೆಂಟರಾಗಿ ಹೋಗುವುದಲ್ಲ, ತಟ್ಟೆ ಕೊಡಲು ಹೋಗುವುದು. ನಾನೂ ನನ್ನ ಗಂಡನೂ ಬಂಟ್ವಾಳದ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಅಡಿಕೆ ಹಾಳೆಯ ತಟ್ಟೆ ಮಾಡುತ್ತೇವೆ. ನೀರಿನಲ್ಲಿ ನೆನೆಸಿದ ಹಾಳೆಯನ್ನು ಮೆಷಿನಿನ ಬಿಸಿ ಅಚ್ಚಿನ ನಡುವೆ ಇಟ್ಟು ಹಿಡಿ ಒತ್ತಿದರೆ ತಟ್ಟೆಯಾಗುತ್ತದೆ. ಕಾರಿನ ಹಿಂದಿನ ಸೀಟು ಮಡಚಿ, ತಟ್ಟೆಯ ಕಟ್ಟುಗಳನ್ನು ಮಾಡಿಗೆ ಮುಟ್ಟುವಷ್ಟು ಪೇರಿಸಿ, ಬೆಳ್ತಂಗಡಿಯ ಹಾಲ್‌ಗಳಿಗೂ ಮೂಡುಬಿದಿರೆಯ ಹಾಸ್ಟೆಲ್‌ಗಳಿಗೂ ಮುಟ್ಟಿಸುವುದು ಅವರ ಕೆಲಸ. ಕಟ್ಟು ಇಳಿಸುವಾಗ ಜೊತೆಗೊಬ್ಬರು ಬೇಕಲ್ಲ, ಅದಕ್ಕೆ ನಾನು.

ಹಳೆಯ ಡೀಸೆಲ್ ಕಾರು ಅದು. ಈಗಿನ ಕಾರುಗಳಲ್ಲಿ ಸ್ಟೇರಿಂಗನ್ನು ಹಗುರ ಮಾಡುವುದು ಕರೆಂಟಿನ ಮೋಟಾರು. ನಮ್ಮದರಲ್ಲಿ ಎಣ್ಣೆ. ಒಂದು ಸಣ್ಣ ಟ್ಯಾಂಕು, ಒಂದು ಪಂಪು. ಇಂಜಿನ್ ತಿರುಗಿದಂತೆ ಪಂಪು ಎಣ್ಣೆಯನ್ನು ಒತ್ತುತ್ತದೆ, ಆ ಒತ್ತಡದಲ್ಲಿ ಚಕ್ರ ಸುಲಭವಾಗಿ ತಿರುಗುತ್ತದೆ. ಇದೆಲ್ಲ ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಶಬ್ದ ಮಾತ್ರ. ಸ್ಟೇರಿಂಗ್ ತಿರುಗಿಸಿದಾಗಲೆಲ್ಲ, ನೀರು ಹಾಕದೆ ಮಿಕ್ಸಿಯಲ್ಲಿ ಕಾಯಿ ಕಡೆದ ಹಾಗೆ ಗೋಳಿಡುತ್ತಿತ್ತು. ನಿಂತಲ್ಲೇ ತಿರುಗಿಸಿದರಂತೂ ಕೇಳಬೇಡಿ.

ಬೆಳ್ತಂಗಡಿಯ ಒಂದು ಹಾಲ್‌ನಲ್ಲಿ ಅಡುಗೆಮನೆಯ ಬಾಗಿಲಿಗೆ ರಿವರ್ಸ್ ತೆಗೆಯುತ್ತಿದ್ದೆವು. ಚಪ್ಪರದ ಕೆಳಗೆ ಹರಟೆ ಹೊಡೆಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಅಡುಗೆಯವರ ಮುಖ್ಯಸ್ಥ, ನಮಗೆ ಹಳೇ ಪರಿಚಯ, ಸೌಟು ಹಿಡಿದುಕೊಂಡೇ ಹೊರಗೆ ಬಂದ.

“ಎಂತ ಅಣ್ಣ, ಕಾರಿಗೆ ಹೆರಿಗೆ ನೋವಾ?”

ಎಲ್ಲರೂ ನಕ್ಕರು. ನನ್ನ ಗಂಡನೂ ನಕ್ಕರು. ನಾನು ನಗಲಿಲ್ಲ. ನನ್ನ ಕೋಪ ಮೂಗಿನ ತುದಿಯಲ್ಲಿ ಕೂತಿರುತ್ತದೆ ಎಂದು ನನ್ನ ತವರಿನವರಿಂದ ಹಿಡಿದು ಪಕ್ಕದ ಮನೆಯವರವರೆಗೆ ಎಲ್ಲರಿಗೂ ಗೊತ್ತು. ಮನೆ ಮುಟ್ಟುವವರೆಗೂ ಬೈದೆ.

“ಆ ಶಬ್ದಕ್ಕೆ ಒಂದು ಗತಿ ಕಾಣಿಸಿ ಮಾರಾಯ್ರೆ. ಮರ್ಯಾದೆ ಹೋಗ್ತದೆ.”

“ಕಾರಿಗೆ ಪ್ರಾಯ ಆಯ್ತು. ಮನುಷ್ಯರೇ ಮುಲುಗ್ತಾರೆ, ಕಾರು ಮುಲುಗಿದ್ರೆ ಎಂತ?”

ಮನೆಯಲ್ಲಿ ನಮ್ಮದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅವರ ಮಾತಿನ ಅರ್ಧ ರುಚಿ ಹೋಯಿತೆಂದೇ ತಿಳಿಯಬೇಕು. ತುಳುವಿನಲ್ಲಿ ಈ ಮಾತು ಹೇಳಿದಾಗ ನನಗೂ ಬಾಯಿ ತುದಿಗೆ ನಗು ಬಂದಿತ್ತು.

ಆದರೆ ಒಂದು ವಿಷಯ ನನಗೆ ಅರ್ಥವಾಗಿರಲಿಲ್ಲ. ನನ್ನ ಗಂಡ ವಾಹನಕ್ಕೆ ಒಂದು ಕೆಮ್ಮು ಬಂದರೂ ಗ್ಯಾರೇಜಿಗೆ ಓಡುವ ಮನುಷ್ಯ. ಮೆಷಿನುಗಳೆಂದರೆ ಅವರಿಗೆ ಮಕ್ಕಳ ಹಾಗೆ. ನಮಗೆ ಮಕ್ಕಳಿಲ್ಲ, ಹಾಗಾಗಿ ಇದು ಸುಮ್ಮನೆ ಹೇಳುವ ಮಾತೂ ಅಲ್ಲ. ತಟ್ಟೆಯ ಕೆಲಸಕ್ಕೆ ಇಳಿಯುವ ಮೊದಲು ಅವರದ್ದು ಮದ್ದು ಬಿಡುವ ತಂಡವಿತ್ತು. ಮಳೆಗಾಲ ಬಂತೆಂದರೆ ವಿಟ್ಲದ ಕಡೆ, ಕೊಕ್ಕಡದ ಕಡೆ, ಕರೆದವರ ತೋಟಕ್ಕೆಲ್ಲ ಪಂಪು ಹೊತ್ತುಕೊಂಡು ಹೋಗಿ ಅಡಿಕೆ ಗೊನೆಗೆ ಮೈಲುತುತ್ತು ಸುಣ್ಣದ ಮದ್ದು ಬಿಡುವುದು. ಸಂಜೆ ಮನೆಗೆ ಬರುವಾಗ ಅಂಗಿ, ಲುಂಗಿ, ಉಗುರಿನ ಸಂದಿ ಎಲ್ಲ ನೀಲಿ. ಬಚ್ಚಲಿನ ಕಲ್ಲಿಗೆ ಹತ್ತಿದ ಆ ನೀಲಿಯನ್ನು ಉಜ್ಜಿ ಉಜ್ಜಿ ನನ್ನ ಕೈ ಬಿದ್ದುಹೋಗಿತ್ತು. ಅವರ ಪಂಪು ಒಂದು ದಿನವೂ ಕೈಕೊಟ್ಟದ್ದಿಲ್ಲ. ಸ್ವಲ್ಪ ಬಿಗಿಯಾದರೆ ಎಣ್ಣೆ, ಸ್ವಲ್ಪ ಕೂಗಿದರೆ ಎಣ್ಣೆ. ನನ್ನ ಹೊಲಿಗೆ ಮೆಷಿನಿಗೆ, ಗೇಟಿಗೆ, ಬಾವಿಯ ರಾಟೆಗೆ, ಎಲ್ಲದಕ್ಕೂ ಅದೇ ಡಬ್ಬದ ಎಣ್ಣೆ. ಮೊಣಕಾಲು ನೋವೆಂದರೆ “ತಾ, ಎರಡು ತೊಟ್ಟು ಬಿಡುವ” ಎನ್ನುತ್ತಿದ್ದರು. ಪಂಪು ಮಾರಿ ಬಹಳ ಕಾಲವಾದರೂ ಎಣ್ಣೆಯ ಡಬ್ಬ, ಅದನ್ನು ಹೊಯ್ಯುವ ನೀಲಿ ಹಿಡಿದ ಲಾಳಿಕೆ ಶೆಡ್ಡಿನ ಮೂಲೆಯಲ್ಲಿ ಹಾಗೇ ಉಳಿದಿದ್ದವು.

ಅಂಥವರು ಈ ಶಬ್ದವನ್ನು ಮಾತ್ರ ಸಹಿಸಿಕೊಂಡು ಓಡಾಡುತ್ತಿದ್ದರು. ಸಹಿಸಿಕೊಂಡು ಎಂದರೂ ತಪ್ಪೇ. ಕಾರು ಕೂಗಿದಾಗ ಅವರ ಮುಖದಲ್ಲಿ ಒಂದು ಥರದ ಸಮಾಧಾನ ಕಾಣುತ್ತಿತ್ತು. ನನಗೆ ಅದು ಭಂಡತನ ಎಂದೇ ಅನಿಸಿತ್ತು.

ಅದೇ ವರ್ಷ ತಟ್ಟೆ ಮೆಷಿನಿನ ಹಿಡಿಯೂ ನನ್ನ ಕೈಗೆ ಬಂದಿತ್ತು. ಮೊದಲು ಹಿಡಿ ಒತ್ತುವುದು ಅವರ ಕೆಲಸ, ಅಂಚು ಕತ್ತರಿಸಿ ಕಟ್ಟು ಕಟ್ಟುವುದು ನನ್ನದು. ಒಂದು ದಿನ “ನೀನು ಒತ್ತಿದ ತಟ್ಟೆಗೆ ಅಂಚು ಚಂದ ಬರ್ತದೆ” ಎಂದರು. ಹೊಗಳಿಕೆ ಅವರ ಬಾಯಿಂದ ಉದುರುವುದೇ ಅಪರೂಪ, ನಾನು ಉಬ್ಬಿಹೋದೆ. ಆಮೇಲೆ ನಾನೇ ಒತ್ತಿದೆ, ಅವರು ಕಟ್ಟು ಕಟ್ಟಿದರು. ಕಟ್ಟುಗಳು ಸಡಿಲವಾಗಿರುತ್ತಿದ್ದವು. ಅದಕ್ಕೂ ಬೈದೆ.

ಕೊನೆಗೆ ನನ್ನ ಕಾಟ ತಾಳಲಾರದೆ ಬಿ.ಸಿ. ರೋಡಿನ ಒಂದು ಗ್ಯಾರೇಜಿಗೆ ಬಂದರು. ಅಲ್ಲಿಯ ಮೆಕ್ಯಾನಿಕ್ ಮಾತಿನ ಮಲ್ಲ. ಬಾನೆಟ್ ಎತ್ತಿದ, ಇಂಜಿನ್ನಿನ ಬದಿಯಲ್ಲಿ ಪಂಪನ್ನು ತಿರುಗಿಸುವ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ, ಟ್ಯಾಂಕನ್ನು ಹೊರಗಿನಿಂದಲೇ ನೋಡಿ “ಎಣ್ಣೆ ಬೇಕಾದಷ್ಟು ಉಂಟು” ಎಂದ. ಬೆಲ್ಟು ನುಣುಪಾಗಿದೆ, ಜಾರುತ್ತದೆ, ಅದಕ್ಕೇ ಶಬ್ದ ಎಂದು ಹೊಸ ಬೆಲ್ಟು ಹಾಕಿದ. ಕಾರು ಹೊರಗೆ ತೆಗೆಯುವಾಗ ಹಳೇ ರಾಗವೇ.

“ಹೊಸ ಬೆಲ್ಟು ಅಲ್ವಾ ಅಕ್ಕ, ಸ್ವಲ್ಪ ಓಡಲಿ, ಹೊಂದಿಕೊಳ್ತದೆ” ಎಂದ.

“ಮದುಮಗಳಾ ಅದು, ಹೊಂದಿಕೊಳ್ಳಲಿಕ್ಕೆ?” ಎಂದೆ ನಾನು. ನನ್ನ ಗಂಡ ಕಾರು ಹೊರಡಿಸಿದರು. ಶಬ್ದ ಹೋಗಲಿಲ್ಲವೆಂಬ ಬೇಸರ ಅವರಿಗೆ ಇದ್ದ ಹಾಗೆ ಕಾಣಲಿಲ್ಲ.

ಬೇಸಗೆಯ ರಜೆ ಮುಗಿದು ಮೂಡುಬಿದಿರೆಯ ಕಾಲೇಜುಗಳಿಗೆ ಮತ್ತೆ ಮಕ್ಕಳು ಬಂದಾಗ ಹಾಸ್ಟೆಲ್‌ಗಳಿಂದ ತಟ್ಟೆಗೆ ಕರೆ ಬಂತು. ಬೆಳಿಗ್ಗೆಯೇ ಹೊರಟು, ಒಂದು ಹಾಸ್ಟೆಲ್‌ನಲ್ಲಿ ಎಲ್ಲ ಕಟ್ಟು ಇಳಿಸಿ, ಬಸದಿಯ ಹತ್ತಿರದ ಓಣಿಯಿಂದ ಮುಖ್ಯರಸ್ತೆಗೆ ಬರುತ್ತಿದ್ದೆವು. ಅಲ್ಲೊಂದು ಗಿಡ್ಡ ತಿರುವು. ಪೂರ್ತಿ ತಿರುಗಿಸದಿದ್ದರೆ ಕಾರು ಎದುರಿನ ಚರಂಡಿಗೆ. ಆ ಕಡೆಯಿಂದ ಬಸ್ಸು ಬಂತು. ಅವರು ತಿರುಗಿಸಿದರು, ಅರ್ಧಕ್ಕೆ ಬಂತು, ಕಾರು ಕೂಗಿತು, ಮತ್ತೆ ಅವರ ಕೈಯಿಂದ ಜಾರಿ ಸ್ಟೇರಿಂಗ್ ಹಿಂದಕ್ಕೆ ಹೋಯಿತು. ಕಾರು ರಸ್ತೆಗೆ ಅಡ್ಡ ನಿಂತಿತು. ಬಸ್ಸಿನವನು ಹಾರ್ನಿನಿಂದ ಕೈ ತೆಗೆಯಲೇ ಇಲ್ಲ. ಕಂಡಕ್ಟರ್ ಇಳಿದು ಬಂದು ಸೀಟಿ ಊದತೊಡಗಿದ. ಬೆನ್ನಿಗೆ ಚೀಲ ಹಾಕಿಕೊಂಡ ಮಕ್ಕಳು ನಿಂತು ನೋಡಿದರು, ಒಂದಿಬ್ಬರು ಮೊಬೈಲೂ ಎತ್ತಿದರು.

“ಎಂತ ಆಯ್ತು?”

“ಬಿಗಿ” ಎಂದರು. ಹಣೆಯಲ್ಲಿ ಬೆವರು.

ನಾನು ಎಡಗಡೆಯಿಂದ ಬಾಗಿ ಸ್ಟೇರಿಂಗ್ ಹಿಡಿದು ಎಳೆದೆ. ಗೋಳಿಡುತ್ತಲೇ ತಿರುಗಿತು. ಇಬ್ಬರ ಕೈ ಸೇರಿತಲ್ಲ, ಅದಕ್ಕೆ ಬಂತು ಎಂದುಕೊಂಡೆ. ಬಸ್ಸಿನ ಡ್ರೈವರ್ ಹಾದುಹೋಗುವಾಗ ಕಿಟಕಿಯಿಂದ ತಲೆ ಹಾಕಿ, ಓಡಿಸಲಿಕ್ಕೆ ಆಗದಿದ್ದರೆ ಮನೆಯಲ್ಲಿ ಕೂತುಕೊಳ್ಳಿ ಎಂದ. ಯಾವ ಹೊತ್ತಿನಲ್ಲಿ ಹೇಳಿದನೋ.

ಅಲ್ಲಿಂದ ನೇರ ಗ್ಯಾರೇಜಿಗೇ ಹೋಗಬೇಕೆಂದು ಹಟ ಹಿಡಿದೆ. ಊರ ಹೊರಗೆ ರಸ್ತೆ ಬದಿಯಲ್ಲಿ ಶೀಟು ಹೊದೆಸಿದ ಒಂದು ಗ್ಯಾರೇಜು ಸಿಕ್ಕಿತು. ಮೆಕ್ಯಾನಿಕ್ ನನ್ನ ತಮ್ಮನ ಪ್ರಾಯದವನು, ಬಾಯಿ ತುಂಬ ಎಲೆಅಡಿಕೆ. ಶಬ್ದ ಕೇಳಿದ ಕೂಡಲೇ “ಪಂಪು ಹೋಗಿದೆ, ಹೊಸತು ಹಾಕುವ” ಎಂದ. ಅಷ್ಟು ಬೇಗ ಹೇಳಿದ್ದಕ್ಕೆ ನನಗೆ ಅನುಮಾನ ಬಂತು. ಸರಿಯಾಗಿ ನೋಡಿ ಹೇಳು ಎಂದೆ. ಅವನು ಮುಖ ಗಂಟು ಹಾಕಿಕೊಂಡು, ಉಗಿದು ಬಂದು, ಟ್ಯಾಂಕಿನ ಮುಚ್ಚಳ ತಿರುಗಿಸಿದ.

ಒಳಗೆ ಕಪ್ಪು. ಮೇಲೆ ನೊರೆ. ಅವನು ಬೆರಳು ಅದ್ದಿ ಉಜ್ಜಿ ನೋಡಿದ.

“ಇದು ಯಾರು ಹಾಕಿದ್ದು ಅಕ್ಕ? ಸ್ಟೇರಿಂಗ್ ಎಣ್ಣೆ ಕೆಂಪು ಇರ್ತದೆ, ನೀರಿನ ಹಾಗೆ ತೆಳು. ಇದು ಇಂಜಿನ್ನಿಗೆ ಹಾಕುವ ಎಣ್ಣೆ. ದಪ್ಪ. ಪಂಪಿಗೆ ಎಳೀಲಿಕ್ಕೆ ಆಗುವುದಿಲ್ಲ, ಜೊತೆಗೆ ಗಾಳಿ ಎಳೀತದೆ. ಅದಕ್ಕೇ ಹೀಗೆ ಬೊಬ್ಬೆ.”

ನನ್ನ ರಕ್ತ ಕುದಿಯಿತು. ಅಲ್ಲೇ ನಿಂತು ಬಿ.ಸಿ. ರೋಡಿನ ಮೆಕ್ಯಾನಿಕ್‌ಗೆ ಫೋನು ಮಾಡಿದೆ. ನಿನಗೆ ಕಣ್ಣು ಉಂಟಾ, ಯಾವ ಎಣ್ಣೆ ಯಾವುದಕ್ಕೆ ಎಂದು ಗೊತ್ತಿಲ್ಲದೆ ಗ್ಯಾರೇಜು ಯಾಕೆ ಇಟ್ಟಿದ್ದಿ ಎಂದು ಶುರು ಮಾಡಿದವಳು ಅವನ ಮನೆತನದವರೆಗೂ ಹೋದೆ. ಅವನು ಆ ಕಡೆಯಿಂದ, ನಾನು ಮುಚ್ಚಳ ಮುಟ್ಟಲೇ ಇಲ್ಲ ಅಕ್ಕ, ದೇವರಾಣೆ ಎಂದು ಕೂಗುತ್ತಿದ್ದ. ಅಷ್ಟರಲ್ಲಿ ಈ ಮೆಕ್ಯಾನಿಕ್ ಟ್ಯಾಂಕಿನ ಬಾಯಿಗೆ ಕೂರಿಸಿದ ಸಣ್ಣ ಜಾಲರಿಯನ್ನು ಎತ್ತಿ, ವೇಸ್ಟ್ ಬಟ್ಟೆಯಲ್ಲಿ ಒರೆಸಿ ಬೆಳಕಿಗೆ ಹಿಡಿದ. ಜಾಲರಿಯಲ್ಲಿ ಕೆಲವು ಕಾಳುಗಳು ಸಿಕ್ಕಿಕೊಂಡಿದ್ದವು. ಟ್ಯಾಂಕಿನ ಬಾಯಿಯ ಸುತ್ತಲೂ ಒಂದು ಗೆರೆ.

ನೀಲಿ.

ಫೋನು ಕಟ್ ಮಾಡಿದೆ. ಆ ನೀಲಿ ನಮ್ಮ ಮನೆಯದು. ನನ್ನ ಬಚ್ಚಲಿನ ಕಲ್ಲಿನದು. ಶೆಡ್ಡಿನ ಮೂಲೆಯ ಲಾಳಿಕೆಯನ್ನು ತೊಳೆಯದೆ ಇಟ್ಟು ಎಣ್ಣೆ ಹೊಯ್ದಿದ್ದಾರೆ, ಮೈಲುತುತ್ತಿನ ಹುಡಿಯೂ ಜೊತೆಗೆ ಇಳಿದಿದೆ.

ನನ್ನ ಗಂಡ ಗ್ಯಾರೇಜಿನ ಮುಂದೆ ಒಂದು ಹಳೆಯ ಟಯರಿನ ಮೇಲೆ ನಮಗೆ ಬೆನ್ನು ಹಾಕಿ ಕೂತಿದ್ದರು. ಹತ್ತಿರ ಹೋಗಿ ಕೇಳಿದೆ.

“ಎಣ್ಣೆ ನೀವೇ ಹಾಕಿದ್ದಾ?”

“ಹೂಂ.”

“ಮದ್ದಿನ ಪಂಪಿನ ಎಣ್ಣೆಯಾ? ಕಾರಿಗೆ? ಶಬ್ದ ಬಂದ್ರೆ ಯಾರನ್ನಾದ್ರೂ ಕೇಳ್ಬಾರ್ದಿತ್ತಾ?”

ಅವರು ರಸ್ತೆ ನೋಡುತ್ತಾ ಕೂತರು. ಬೆನ್ನಿಗೆ ಎಷ್ಟು ಬೈಯುವುದು? ವಾಪಸು ಬಂದೆ.

ಪಂಪು ಉಳಿಯಬಹುದು, ಹಳೇ ಎಣ್ಣೆ ಪೂರ್ತಿ ತೆಗೆದು ಹೊಸತು ಹಾಕಿ ನೋಡುವ ಎಂದ ಮೆಕ್ಯಾನಿಕ್. ಜಾಕ್ ಕೊಟ್ಟು ಕಾರಿನ ಮುಂದಿನ ಎರಡು ಚಕ್ರಗಳನ್ನು ನೆಲದಿಂದ ಎತ್ತಿದ. ಟ್ಯಾಂಕಿಗೆ ವಾಪಸು ಬರುವ ಪೈಪನ್ನು ಕಳಚಿ ಒಂದು ಕತ್ತರಿಸಿದ ಕ್ಯಾನಿನೊಳಗೆ ಬಿಟ್ಟ. ಇನ್ನು ಒಬ್ಬರು ಸೀಟಿನಲ್ಲಿ ಕೂತು ಸ್ಟೇರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸುತ್ತಾ ಇರಬೇಕು, ಹಳತು ಹೊರಗೆ ಬಂದಂತೆ ಅವನು ಮೇಲಿನಿಂದ ಹೊಸತು ಹೊಯ್ಯುತ್ತಾನೆ.

“ಅಣ್ಣ, ಬನ್ನಿ, ಕೂತುಕೊಳ್ಳಿ” ಎಂದು ಕರೆದ.

“ಅವಳಿಗೂ ಲೈಸೆನ್ಸ್ ಉಂಟು. ಅವಳೇ ತಿರುಗಿಸಲಿ” ಎಂದರು ನನ್ನ ಗಂಡ, ಕೂತಲ್ಲಿಂದಲೇ.

ಲೈಸೆನ್ಸ್ ಇದ್ದದ್ದು ನಿಜ. ಎಂದೋ ಡ್ರೈವಿಂಗ್ ಸ್ಕೂಲಿಗೆ ಹೋಗಿ ಮಾಡಿಸಿಕೊಂಡದ್ದು. ಆದರೆ ಮೈದಾನ ಬಿಟ್ಟು ಹೊರಗೆ ನಾನು ಓಡಿಸಿದವಳಲ್ಲ. ಅವರಿದ್ದಾರಲ್ಲ ಎಂಬ ಧೈರ್ಯ. ಕೂತು ತಿರುಗಿಸಿದೆ. ಬಲಕ್ಕೆ ಕೊನೆಯವರೆಗೆ, ಎಡಕ್ಕೆ ಕೊನೆಯವರೆಗೆ. ಕ್ಯಾನಿನೊಳಗೆ ಕಪ್ಪು ಬಿತ್ತು, ಆಮೇಲೆ ಕಂದು, ಬಹಳ ಹೊತ್ತಿನ ಮೇಲೆ ಕೆಂಪು. ಪೈಪು ಸಿಕ್ಕಿಸಿ ಇಂಜಿನ್ ಶುರು ಮಾಡಿಸಿದ. ಮತ್ತೆ ತಿರುಗಿಸಿದೆ. ಮೊದಲು ಟ್ಯಾಂಕಿನಲ್ಲಿ ಗುಳ್ಳೆ ಬಂದವು, ಕಾರು ಕೂಗಿತು. ಸ್ವಲ್ಪ ಬಿಟ್ಟು ತಿರುಗಿಸಿದಾಗ ಕೂಗು ಸಣ್ಣದಾಯಿತು. ಗುಳ್ಳೆ ನಿಂತಿತು. ಆಮೇಲೆ ಏನೂ ಇಲ್ಲ. ಇಂಜಿನ್ನಿನ ಸದ್ದು ಬಿಟ್ಟರೆ ಏನೇನೂ ಇಲ್ಲ.

“ಕೊನೆಯವರೆಗೆ ತಿರುಗಿಸಿ ಅಲ್ಲೇ ಒತ್ತಿ ಹಿಡೀಬೇಡಿ ಅಕ್ಕ” ಎಂದು ಹೇಳಿದ. “ಹಾಗೆ ಹಿಡಿದ್ರೆ ಒಳ್ಳೆ ಪಂಪೂ ಮುಲುಗ್ತದೆ. ಹಾಳಾಗ್ತದೆ.”

ನಾನು ಗಟ್ಟಿಯಾಗಿ ನಕ್ಕೆ. ಅಷ್ಟು ಖುಷಿಯಾಗಿತ್ತು. ಬೆಳ್ತಂಗಡಿಯ ಆ ಅಡುಗೆಯವನ ಮುಖ ನೆನಪಿಗೆ ಬಂತು. ಮೆಕ್ಯಾನಿಕ್ ಚಕ್ರ ನೆಲಕ್ಕಿಳಿಸಿ, ತಾನೇ ಕೂತು, ನಿಂತ ಕಾರಿನ ಸ್ಟೇರಿಂಗನ್ನು ಒಂದೇ ಬೆರಳಿನಿಂದ ತಿರುಗಿಸಿ ತೋರಿಸಿದ. “ಬೆಣ್ಣೆ” ಎಂದ. “ಅಣ್ಣ, ಈಗ ನೀವು ಒಮ್ಮೆ ತೆಗ್ದು ನೋಡಿ.”

ಅವರು ಎದ್ದು ಬಂದರು. ಬೇರೆ ದಾರಿಯಿರಲಿಲ್ಲ. ಕಾರನ್ನು ಗ್ಯಾರೇಜಿನಿಂದ ಹಿಂದಕ್ಕೆ ತೆಗೆದು ರಸ್ತೆಯ ಕಡೆ ತಿರುಗಿಸಬೇಕಿತ್ತು. ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದರು. ಕೈಯಿಂದ ಎಳೆಯಲಿಲ್ಲ, ಇಡೀ ಮೈ ಒಂದು ಬದಿಗೆ ವಾಲಿಸಿದರು, ಬಾವಿಯಿಂದ ತುಂಬಿದ ಕೊಡಪಾನ ಎಳೆಯುವವರ ಹಾಗೆ. ಸ್ಟೇರಿಂಗ್ ಅರ್ಧ ಬಂತು. ಬೆರಳುಗಳು ಬಿಚ್ಚಿಕೊಂಡವು. ಸ್ಟೇರಿಂಗ್ ಹಿಂದಕ್ಕೆ ಹೋಯಿತು. ಮತ್ತೆ ಹಿಡಿದರು. ಕಾರು ಒಂದಿಷ್ಟೂ ಕೂಗಲಿಲ್ಲ. ಕೇಳುತ್ತಿದ್ದದ್ದು ಅವರ ಉಸಿರು ಮಾತ್ರ.

ಮೆಕ್ಯಾನಿಕ್ ಬಾನೆಟ್ಟಿನ ಮೇಲೆ ಕೈ ಇಟ್ಟು ನಿಂತಿದ್ದ.

“ಅಣ್ಣ, ಇಂಜಿನ್ ಆನ್ ಉಂಟಲ್ಲ?” ಎಂದು ಕೇಳಿದ.

ಇಂಜಿನ್ ಆನ್ ಇದ್ದದ್ದು ರಸ್ತೆಗೂ ಕೇಳುತ್ತಿತ್ತು. ಅವನ ಕೈಕೆಳಗೆ ಬಾನೆಟ್ಟು ಅದುರುತ್ತಿತ್ತು. ಆದರೂ ಕೇಳಿದ, ಪಾಪ, ಬೇರೆ ಏನು ಕೇಳುವುದೆಂದು ಗೊತ್ತಾಗಲಿಲ್ಲ.

“ಉಂಟು” ಎಂದರು ಅವರು.

ಮೆಕ್ಯಾನಿಕ್ ನನ್ನ ಕಡೆ ತಿರುಗಿದ. “ಅಕ್ಕ, ಮೊದಲು ಶಬ್ದ ಬಂದದ್ದಾ, ಮೊದಲು ಬಿಗಿ ಆದದ್ದಾ?”

“ಶಬ್ದ” ಎಂದೆ. ನನಗೆ ಗೊತ್ತಿದ್ದದ್ದು ಅದೇ.

“ಬಿಗಿ” ಎಂದರು ನನ್ನ ಗಂಡ. ಎದುರಿನ ಗಾಜು ನೋಡುತ್ತಾ ಹೇಳಿದರು. “ಮೊದಲು ಬಿಗಿ ಆಯ್ತು. ಅದಕ್ಕೆ ಎಣ್ಣೆ ಹಾಕಿದೆ. ಹಾಕಿದ ಮೇಲೆ ಶಬ್ದ.”

ಸರಿಯಾದ ಎಣ್ಣೆ ಇದ್ದಾಗಲೇ, ಪಂಪು ಚೆನ್ನಾಗಿದ್ದಾಗಲೇ, ಅವರಿಗೆ ಬಿಗಿಯಾಗಿತ್ತು. ತಟ್ಟೆಯ ಹಿಡಿ, ಸಡಿಲ ಕಟ್ಟು, ತೆರೆದು ಕೊಡು ಎಂದು ಮತ್ತೆ ಮತ್ತೆ ನನ್ನ ಮುಂದೆ ಹಿಡಿಯುತ್ತಿದ್ದ ಬಾಟಲಿಯ ಮುಚ್ಚಳ, ಗುಂಡಿಯ ಅಂಗಿ ಬಿಟ್ಟು ಬನಿಯನ್ನಿನಲ್ಲೇ ತಿರುಗುತ್ತಿದ್ದದ್ದು, ಎಲ್ಲ ಒಟ್ಟಿಗೆ ನನ್ನ ಎದುರು ಬಂದು ನಿಂತವು. ಭಯವಾಯಿತು ನನಗೆ, ಅಂಥ ಭಯ ಅದಕ್ಕೆ ಮೊದಲು ಗೊತ್ತಿರಲಿಲ್ಲ.

ಮೆಕ್ಯಾನಿಕ್ ಹೋಗಿ ಡ್ರಮ್ಮಿನ ನೀರಿನಲ್ಲಿ ಬಹಳ ಹೊತ್ತು ಕೈ ತೊಳೆದ. ವಾಪಸು ಬಂದು, ಕಿಟಕಿಯ ಹತ್ತಿರ ಬಾಗಿ, ಮೆಲ್ಲಗೆ ಹೇಳಿದ.

“ಕಾರಿನಲ್ಲಿ ಇನ್ನು ಎಂತದೂ ಇಲ್ಲ ಅಣ್ಣ.”

ಮನೆಗೆ ಕಾರು ತಂದದ್ದು ನಾನು. ಅವರು ಇಳಿದು ಆ ಕಡೆ ಹೋಗಿ ಕೂತರು, ನಾನು ಈ ಕಡೆ. ಮೂಡುಬಿದಿರೆಯಿಂದ ಸಿದ್ದಕಟ್ಟೆಯವರೆಗೆ ಅವರು ಗೇರು ಹೇಳಿಕೊಡುವುದು ಬಿಟ್ಟು ಬೇರೆ ಮಾತಾಡಲಿಲ್ಲ. ಎರಡಕ್ಕೆ ಹಾಕು. ಈಗ ಮೂರು. ಕ್ಲಚ್ಚಿನ ಮೇಲೆ ಕಾಲು ಇಟ್ಟುಕೊಂಡೇ ಇರಬೇಡ. ಹಿಂದಿನವನು ಹೋಗಲಿ, ಬಿಡು. ಸ್ಟೇರಿಂಗ್ ಎಷ್ಟು ಹಗುರವಿತ್ತೆಂದರೆ ನನಗೆ ಅದರ ಮೇಲೇ ಸಿಟ್ಟು ಬಂತು. ಒಂದು ಕಡೆ ಕಣ್ಣು ಮಂಜಾಗಿ ರಸ್ತೆ ಕಾಣದೆ, ಕಾರನ್ನು ಬದಿಗೆ ತೆಗೆದು ನಿಲ್ಲಿಸಿದೆ.

“ಯಾವಾಗಿನಿಂದ?” ಎಂದು ಕೇಳಿದೆ.

“ಹೋದ ಮಳೆಗಾಲದಿಂದ ಇರ್ಬೇಕು. ಮೊದಲು ಬಲಗೈ.”

“ಕಾರೇ ಬಿಗಿ ಅಂತ ನಿಮಗೆ ನಿಜವಾಗಿ ಅನಿಸಿತ್ತಾ?”

“ಪಕ್ಕದ ಮನೆಯವರ ಹೊಸ ಕಾರು ಒಮ್ಮೆ ತೆಗ್ದು ನೋಡಿದೆ. ಅದೂ ಬಿಗಿ ಇತ್ತು.”

“ಮತ್ತೆ ಯಾಕೆ ನನ್ನತ್ರ ಹೇಳ್ಲಿಲ್ಲ?”

“ಹೇಳುವ ಅಂತ ಇದ್ದೆ. ಅಷ್ಟರಲ್ಲಿ ಎಣ್ಣೆ ಹಾಕಿದ್ದಕ್ಕೆ ಶಬ್ದ ಬಂತು. ಶಬ್ದ ಬಂದಾಗ ನಂಗೆ ಖುಷಿಯೇ ಆಯ್ತು ಮಾರಾಯ್ತಿ. ನೋಡು, ಕಾರೇ ಹಾಳಾಗಿದೆ ಅಂತ ಆಯ್ತಲ್ಲ. ಅದು ಕೂಗಿದಾಗೆಲ್ಲ, ಹಾಂ, ತೊಂದರೆ ಇದರದ್ದೇ ಅಂತ.” ತಮ್ಮ ಕೈಗಳನ್ನು ತೊಡೆಯ ಮೇಲೆ ಮಗುಚಿ ನೋಡಿಕೊಂಡರು. “ರಿಪೇರಿ ಮಾಡಿಸು ಮಾಡಿಸು ಅಂತ ನೀನು ಬಿಡ್ಲಿಲ್ಲ.”

ಆಪಾದನೆಯಿಂದ ಹೇಳಿದ ಮಾತಲ್ಲ ಅದು. ನಾನೂ ಹಾಗೆ ತೆಗೆದುಕೊಳ್ಳಲಿಲ್ಲ. ಅವರು ಅದೇ ಕೈಯಲ್ಲಿ ಇನ್ನೂ ಓಡಿಸುತ್ತಿದ್ದರೆ ಬಸದಿಯ ಓಣಿಯಲ್ಲಿ ಒಂದು ದಿನ ಯಾರದ್ದಾದರೂ ಮಗು ಚಕ್ರದ ಕೆಳಗೆ ಬರುತ್ತಿತ್ತು. ಮಾಡಿಸಿದ್ದು ಸರಿಯೇ. ಆದರೆ ಸರಿ ಎಂಬ ಮಾತಿನಿಂದ ಹೊಟ್ಟೆ ತುಂಬುವುದಿಲ್ಲ. ಆ ದಿನ ಆ ರಸ್ತೆ ಬದಿಯಲ್ಲಿ, ಕಾರು ಹಾಗೇ ಕೂಗಿಕೊಂಡು ಇರಬಾರದಿತ್ತೇ ಎಂದು ನನಗೂ ಅನಿಸಿತು.

ಮಂಗಳೂರಿನ ನರದ ಡಾಕ್ಟರು ಬಹಳ ಒಳ್ಳೆಯವರು. ತಮ್ಮ ಅಂಗೈ ಮುಂದೆ ಹಿಡಿದು, ಒತ್ತಿ ಎಂದರು. ಇನ್ನೂ ಒತ್ತಿ ಎಂದರು. ನನ್ನ ಗಂಡ ಒತ್ತುತ್ತಲೇ ಇದ್ದರು. ಆಮೇಲೆ ಡಾಕ್ಟರು ಸ್ನಾಯುಗಳಿಗೆ ಸೂಜಿ ಚುಚ್ಚಿ ಮೆಷಿನಿಗೆ ಹಾಕಿ ನೋಡಿದರು. ಮೊದಲು ಏನು ಕಾಣಿಸಿತು ಎಂದು ಕೇಳಿದಾಗ ನನ್ನ ಗಂಡ “ಸ್ಟೇರಿಂಗ್ ಬಿಗಿ ಆದದ್ದು” ಎಂದರು. ಡಾಕ್ಟರು ಅದನ್ನು ಹಾಗೇ ಬರೆದುಕೊಂಡರು. ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಒಣಗುತ್ತಾ ಬರುವ ಕಾಯಿಲೆ. ಕೈಯಲ್ಲಿ ಶುರುವಾಗಿದೆ, ಕಾಲಿಗೆ ಬರುತ್ತದೆ, ಆಮೇಲೆ ಮಾತಿಗೆ, ನುಂಗುವುದಕ್ಕೆ, ಉಸಿರಿಗೆ. ನಿಧಾನ ಮಾಡಲು ಒಂದು ಮಾತ್ರೆ ಉಂಟು. ಹೋದದ್ದು ವಾಪಸು ಬರುವುದಿಲ್ಲ. ಇದನ್ನೆಲ್ಲ ಅವರು ಅಚ್ಚ ಕನ್ನಡದಲ್ಲಿ ಹೇಳಿದರು, ನಮಗೆ ಅರ್ಥವಾಗದ್ದು ಒಂದೂ ಇರಲಿಲ್ಲ.

ನೆಂಟರು ಬಂದರು. ಕೊಕ್ಕಡದ ಕಡೆ ಒಬ್ಬರು ಎಣ್ಣೆ ಕೊಡುತ್ತಾರೆ, ತಿಕ್ಕಿದರೆ ನರ ಚಿಗುರುತ್ತದೆ ಎಂದರು. ಎಣ್ಣೆ ಎಂಬ ಮಾತು ಕೇಳಿದರೇ ನನಗೆ ರೇಗುತ್ತಿತ್ತು. ಆದರೂ ತರಿಸಿದೆ. ದಿನಾ ಬೆಳಿಗ್ಗೆ ಅವರ ಕೈಗೆ, ಭುಜಕ್ಕೆ ತಿಕ್ಕಿದೆ. ಕೈಯ ಮಾಂಸ ಹೋಗಿ ಹೆಬ್ಬೆರಳಿನ ಬುಡ ಗುಳಿ ಬಿದ್ದಿತ್ತು. ಮನೆಯ ದೈವಕ್ಕೂ ಹೇಳಿಕೊಂಡೆವು. ಮಳೆಗಾಲ ಬಂತು, ಹೋಯಿತು. ಕಾಯಿಲೆ ಡಾಕ್ಟರು ಹೇಳಿದ ಸಾಲಿನಲ್ಲೇ ಬಂತು, ಒಂದನ್ನೂ ಬಿಡಲಿಲ್ಲ.

ಈಗ ತಟ್ಟೆ ಮಾಡುವುದೂ ನಾನೇ, ಮುಟ್ಟಿಸುವುದೂ ನಾನೇ. ನಡೆಯಲು ಆಗುವಷ್ಟು ದಿನ ಅವರು ಜೊತೆಗೆ ಬರುತ್ತಿದ್ದರು, ಎಡಗಡೆ ಕೂತು ನನ್ನ ಗೇರಿಗೆ ಕಿವಿ ಕೊಡುತ್ತಾ. ಬೆಳ್ತಂಗಡಿಯ ಆ ಹಾಲ್‌ನಲ್ಲಿ ನಾನು ರಿವರ್ಸ್ ತೆಗೆದಾಗ ಅಡುಗೆಯವನು ಮತ್ತೆ ಹೊರಗೆ ಬಂದ.

“ಓ, ಅಣ್ಣ ಈಗ ದೊಡ್ಡ ಜನ. ಡ್ರೈವರ್ ಇಟ್ಟಿದ್ದಾರೆ!”

ಅವರು ನಕ್ಕರು. ಕೈ ಎತ್ತಲು ಹೋದರು, ಆಗಲಿಲ್ಲ. ಅಡುಗೆಯವನ ಕಣ್ಣು ಅಲ್ಲಿ ನಿಂತಿತು. ಆಮೇಲೆ ಅವನೇ ಬಂದು ಎಲ್ಲ ಕಟ್ಟುಗಳನ್ನು ಇಳಿಸಿದ, ನನ್ನನ್ನು ಮುಟ್ಟಲು ಬಿಡಲಿಲ್ಲ. ಕಾರಿನ ಶಬ್ದ ಹೋಯಿತಲ್ಲ ಎಂದು ಯಾರೂ ಹೇಳಲಿಲ್ಲ. ಇಲ್ಲದ್ದನ್ನು ಯಾರು ಗಮನಿಸುತ್ತಾರೆ?

ಮೊನ್ನೆ ಬೆಳಿಗ್ಗೆ ಒಂದು ಬಯಕೆ ಹೇಳಿದರು. ಮಾತು ಈಗ ತೊದಲಾಗಿದೆ, ನನಗೆ ಮಾತ್ರ ಪೂರ್ತಿ ತಿಳಿಯುತ್ತದೆ. ಒಮ್ಮೆ ಡ್ರೈವರ್ ಸೀಟಿನಲ್ಲಿ ಕೂರಬೇಕು. ನನಗೆ ಕೆಲಸ ರಾಶಿ ಬಿದ್ದಿತ್ತು, ಹಾಳೆ ನೆನೆದಿತ್ತು. ಗೊಣಗುತ್ತಲೇ ಪಕ್ಕದ ಮನೆಯವರನ್ನು ಕರೆದೆ. ಇಬ್ಬರೂ ಸೇರಿ ಎತ್ತಿ ಕೂರಿಸಿ, ಬೀಳದ ಹಾಗೆ ಬೆಲ್ಟು ಹಾಕಿದೆವು. ಪಕ್ಕದ ಮನೆಯವರು ಹೋದ ಮೇಲೆ, ಗೇರು ನ್ಯೂಟ್ರಲ್‌ನಲ್ಲಿ ಇರುವುದನ್ನು ನೋಡಿ, ಹ್ಯಾಂಡ್ ಬ್ರೇಕ್ ಎಳೆದು, ಹೊರಗಿನಿಂದ ಬಾಗಿ ಇಂಜಿನ್ ಶುರು ಮಾಡಿದೆ. ಅವರ ಎರಡು ಕೈಗಳನ್ನು ಎತ್ತಿ ಸ್ಟೇರಿಂಗಿನ ಮೇಲೆ ಇಟ್ಟೆ. ಜಾರದ ಹಾಗೆ ಮೇಲಿನಿಂದ ನನ್ನ ಕೈ ಒತ್ತಿ ತಿರುಗಿಸಿದೆ. ಬಲಕ್ಕೆ, ಎಡಕ್ಕೆ. ಬೆಣ್ಣೆಯ ಹಾಗೆ ತಿರುಗಿತು.

ಅವರು ತಲೆ ವಾಲಿಸಿ ಕಿವಿ ಕೊಟ್ಟರು.

“ಶಬ್ದ ಇಲ್ಲ, ಅಲ್ವಾ?”

“ಇಲ್ಲ.”

“ಸ್ವಲ್ಪ ಇರ್ಬೇಕಿತ್ತು ಮಾರಾಯ್ತಿ.”

ಬೈಯಲು ಬಾಯಿ ತೆರೆದೆ.

ಬೈಯಲಿಲ್ಲ. ಅವರ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡು ಸ್ಟೇರಿಂಗನ್ನು ಬಲಕ್ಕೆ ಕೊನೆಯವರೆಗೆ ತಿರುಗಿಸಿದೆ. ಕೊನೆ ಮುಟ್ಟಿದ ಮೇಲೂ ಬಿಡದೆ, ಮೂಡುಬಿದಿರೆಯ ಮೆಕ್ಯಾನಿಕ್ ಮಾಡಬೇಡಿ ಎಂದಿದ್ದನಲ್ಲ, ಹಾಗೆಯೇ ಒತ್ತಿ ಹಿಡಿದೆ. ಬಾನೆಟ್ಟಿನ ಕೆಳಗೆ ಪಂಪು ಮುಲುಗಲು ಶುರು ಮಾಡಿತು.

“ಹಾಂ” ಎಂದರು ಅವರು.

ಹಾಳಾದರೆ ಹಾಳಾಗಲಿ ಎಂದು ಹಾಗೇ ಹಿಡಿದುಕೊಂಡು ನಿಂತೆ.